ಆಯುಧಪೂಜೆಗೆ ಕೂತ ಟೇಪು

ಆ ಶುಕ್ರವಾರ ಸಂಜೆ ಅಣ್ಣ ಮನೆಗೆ ಬಂದಾಗ ಅವನ ಕಂಕುಳಲ್ಲಿ ಪಿಜ್ಜಾ ಡಬ್ಬಿಯಂಥ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಅದರೊಳಗೆ ಲೋಹದ ಒಂದು ದೊಡ್ಡ ರೀಲು, ಅದಕ್ಕೆ ಸುತ್ತಿದ ಕಂದು ಟೇಪು, ಆ ಟೇಪಿನಲ್ಲಿ ಅವನ ಬ್ಯಾಂಡಿನ ಮೊದಲ ಆಲ್ಬಮ್. ಹತ್ತು ಹಾಡು, ಮೂವತ್ತೊಂದು ನಿಮಿಷ. ಮೆಟ್ಟಿಲ ಪಕ್ಕದ ಮೇಜಿನ ಮೇಲೆ ಅದನ್ನಿಟ್ಟು, ಕೋಟನ್ನೂ ಬಿಚ್ಚದೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಮುಗೀತು," ಅಂದ. ನಾನು ಡೈರಿಯಲ್ಲಿ ಬರೆದುಕೊಂಡೆ: ಮಿಕ್ಸಿಂಗ್ ಮುಗಿಯಿತು, ಟೇಪು ಮನೆಯಲ್ಲಿದೆ, ನಾಳೆ ಎರಡು ಗಂಟೆಗೆ ಮಾಸ್ಟರಿಂಗ್. ಡಿಸ್ಕ್ ಒತ್ತುವ ಮೊದಲು ಟೇಪಿನ ದನಿಯನ್ನು ಹದಗೊಳಿಸುವ ಕೊನೆಯ ಕೆಲಸ ಅದು.

ಬ್ಯಾಂಡಿನ ದಿನಾಂಕಗಳೆಲ್ಲ ನನ್ನ ಡೈರಿಯಲ್ಲಿಯೇ ಇರುತ್ತಿದ್ದವು. ನಾನು ಏನನ್ನೂ ನುಡಿಸುತ್ತಿರಲಿಲ್ಲ. ಲಂಡನ್ನಿನ ಕೆಂಟನ್‌ನಲ್ಲಿದ್ದ ನಮ್ಮ ಮನೆಯಿಂದಲೇ ಕಾಲೇಜಿಗೆ ಹೋಗಿ ಬರುತ್ತಿದ್ದ ನನ್ನನ್ನು, ಬೇಸಿಗೆ ರಜೆಯಲ್ಲಿ ಅಣ್ಣ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರಿಸಿದ್ದ. ಯಾವ ಹಾಡು ಎಷ್ಟನೇ ಸಲಕ್ಕೆ ಸರಿಹೋಯಿತು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಎಂದು ಗುರುತು ಹಾಕುವುದು ನನ್ನ ಕೆಲಸ. ಮೊದಲ ಹಾಡಿಗೆ ಹದಿನಾಲ್ಕು ಸಲ ಬೇಕಾಯಿತು. ಕೊನೆಯ ಹಾಡಿನ ಮುಂದೆ ಒಂದೇ ಗೆರೆ ಇದೆ. ಅದು ಒಂದೇ ಸಲಕ್ಕೆ ಬಂದದ್ದು. ಅಣ್ಣನ ಗಿಟಾರು ಮತ್ತು ಅವಳ ದನಿ, ಬೇರೇನೂ ಇಲ್ಲ.

ಅವಳು ಅಂದರೆ ಬ್ಯಾಂಡಿನ ಹಾಡುಗಾರ್ತಿ. ಹ್ಯಾರೋದ ಇಂಗ್ಲಿಷ್ ಹುಡುಗಿ, ಅಣ್ಣನ ಶಾಲೆಯ ಗೆಳತಿ, ಹನ್ನೆರಡನೇ ವಯಸ್ಸಿನಿಂದ ನಮ್ಮ ಮನೆಯಲ್ಲಿ ಚಿತ್ರಾನ್ನ ತಿಂದು ಬೆಳೆದವಳು. ರೆಕಾರ್ಡಿಂಗ್ ಮುಗಿದ ಮೇಲೆ ಅವಳ ದನಿ ಒಡೆಯತೊಡಗಿತು. ಗಂಟಲಲ್ಲಿ ಸಣ್ಣ ಗಂಟುಗಳಾಗಿವೆ ಎಂದು ಆಪರೇಷನ್ ಮಾಡಿದರು. ಕೆಲವು ವಾರ ಪಿಸುಗುಟ್ಟುವುದೂ ಬೇಡ, ಆಮೇಲೆ ಬರುವ ದನಿ ಹಳೆಯದೇ ಆಗಿರುತ್ತದೆ ಎಂದು ಹೇಳಲಾಗದು, ಎಂದಿದ್ದರು ಡಾಕ್ಟರು. ಅವಳು ಕೊರಳಿಗೆ ದಾರ ಕಟ್ಟಿ ಒಂದು ಪುಟ್ಟ ನೋಟ್‌ಪ್ಯಾಡ್ ನೇತುಹಾಕಿಕೊಂಡು, ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದಳು.

ಹಾಡುಗಳನ್ನು ಮೊದಲು ಹಿಡಿದಿಟ್ಟಿದ್ದ ಅಗಲದ ಟೇಪುಗಳು ನಮ್ಮವಲ್ಲ. ಕೊಳ್ಳಲು ಕೈಲಾಗದೆ ಸ್ಟುಡಿಯೋದಿಂದ ಬಾಡಿಗೆಗೆ ಪಡೆದಿದ್ದೆವು. ಎಲ್ಲವನ್ನೂ ಬೆರೆಸಿ ಈ ರೀಲಿಗೆ ಇಳಿಸುವ ಮಿಕ್ಸಿಂಗ್ ಮುಗಿದ ದಿನವೇ ಅವನ್ನು ವಾಪಸು ಕೊಡಬೇಕು, ಮುಂದೆ ಬರುವ ಬ್ಯಾಂಡು ಅವುಗಳ ಮೇಲೆಯೇ ತನ್ನ ಹಾಡು ತುಂಬುತ್ತದೆ. ಸಣ್ಣ ಬ್ಯಾಂಡುಗಳೆಲ್ಲ ಹೀಗೇ ಮಾಡುತ್ತಿದ್ದವು. ಹಾಗಾಗಿ ಅವಳ ಹಳೆಯ ದನಿ ಉಳಿದದ್ದು ಮೇಜಿನ ಮೇಲಿನ ಆ ಪೆಟ್ಟಿಗೆಯಲ್ಲಿ ಮಾತ್ರ. ನಾವು ಕೇಳಿಕೊಳ್ಳಲೆಂದು ಒಂದು ಕ್ಯಾಸೆಟ್ ಮಾಡಿಕೊಂಡಿದ್ದೆವು, ಆದರೆ ಅದರ ದನಿ ಮಸುಕು, ಅದರಿಂದ ಡಿಸ್ಕ್ ಮಾಡಲು ಬರುವುದಿಲ್ಲ.

ಆ ವರ್ಷ ಆಯುಧಪೂಜೆ ತಾನಾಗಿಯೇ ಶನಿವಾರ ಬಂದಿತ್ತು. ಲಂಡನ್ನಿನಲ್ಲಿ ಹಬ್ಬ ವಾರದ ನಡುವೆ ಬಂದರೆ ವಾರಾಂತ್ಯಕ್ಕೆ ಎಳೆದುಕೊಂಡು ಮಾಡುವುದು ರೂಢಿ. ಅಮ್ಮನಿಗೆ ಅದು ಯಾವತ್ತೂ ಸಮಾಧಾನವಿಲ್ಲ. ಈ ಸಲ ಸರಿಯಾದ ದಿನವೇ ಸಿಕ್ಕಿದ ಖುಷಿಗೆ ನಮ್ಮವರ ಅಂಗಡಿಗಳಿರುವ ಸೌತ್‌ಹಾಲ್‌ಗೆ ಹೋಗಿ ಎರಡು ಚೀಲ ಚೆಂಡುಹೂವು, ಒಂದು ಬೂದುಗುಂಬಳ ತಂದಿದ್ದಳು. ಶನಿವಾರ ನಾವೇಳುವ ಮೊದಲೇ ಮುಂದಿನ ಕೋಣೆಯಲ್ಲಿ ಎಲ್ಲವೂ ಸಾಲಾಗಿ ಕೂತಿದ್ದವು. ಅವಳ ಹೊಲಿಗೆ ಮೆಷಿನ್ನು, ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಪ್ಪನ ಡ್ರಿಲ್ಲು ಮತ್ತು ಸ್ಪ್ಯಾನರುಗಳು, ನನ್ನ ಕಾಲೇಜಿನ ಪುಸ್ತಕಗಳು, ಅಣ್ಣನ ಎರಡು ಗಿಟಾರು. ಎಲ್ಲಕ್ಕೂ ಅರಿಶಿನ, ಕುಂಕುಮ, ಹೂವು. ಪೂಜೆಗೆ ಕೂತ ಮೇಲೆ ಮಾರನೆಯ ಬೆಳಗ್ಗೆ ವಿಸರ್ಜನೆಯಾಗುವ ತನಕ ಯಾವುದನ್ನೂ ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ನನಗೆ ಈ ಹಬ್ಬ ಬಹಳ ಇಷ್ಟವಾಗಿದ್ದದ್ದು ಇದಕ್ಕೇ. ಒಂದು ದಿನ ಓದು ಅನ್ನುವವರಿಲ್ಲ.

ಅಣ್ಣ ಹತ್ತು ಗಂಟೆಗೆ ಕೆಳಗೆ ಬಂದ.

"ಪುಟ್ಟಿ, ಟೇಪ್ ಎಲ್ಲಿ?"

"ಮೇಜಿನ ಮೇಲೆ."

"ಮೇಜಿನ ಮೇಲೆ ಖಾಲಿ ಬಾಕ್ಸ್ ಇದೆ."

ಇಬ್ಬರೂ ಒಟ್ಟಿಗೇ ಮುಂದಿನ ಕೋಣೆಗೆ ನುಗ್ಗಿದೆವು. ಎರಡು ಗಿಟಾರುಗಳ ನಡುವೆ, ಬೆಳ್ಳಿ ತಟ್ಟೆಯ ಮೇಲೆ, ರೀಲು ಮಲಗಿತ್ತು. ನಡುವಿನ ತೂತಿನ ಮೇಲೆ ಒಂದು ಚೆಂಡುಹೂವು. ಲೋಹದ ಮೇಲೆ ಮೂರು ಕಡೆ ಅರಿಶಿನ ಕುಂಕುಮದ ಬೊಟ್ಟು. ಆ ರೀಲಿನ ಬದಿಗಳಲ್ಲಿ ಕಿಟಕಿಗಳಂತೆ ಮೂರು ಅಗಲದ ಸಂದುಗಳಿರುತ್ತವೆ, ಒಳಗಿನ ಟೇಪು ಅವುಗಳಿಂದ ಕಾಣುತ್ತದೆ. ಹಳದಿ ಅಕ್ಷತೆ ಕಾಳುಗಳು ಆ ಕಿಟಕಿಗಳೊಳಗೆ ಬಿದ್ದಿದ್ದವು. ಅಂಚಿನಲ್ಲಿ ನೀರಿನ ಹನಿಗಳು ಹೊಳೆಯುತ್ತಿದ್ದವು.

"ಅಮ್ಮಾ!"

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಯಾಕೋ, ಹಬ್ಬದ ದಿನ ಹಂಗೆ ಕಿರುಚ್ತೀಯ?"

"ಏನ್ ಮಾಡಿದೀಯ ಇದಕ್ಕೆ? ಯಾಕೆ ಓಪನ್ ಮಾಡ್ದೆ?"

"ಮತ್ತೆ? ಪೆಟ್ಟಿಗೆಗೆ ಪೂಜೆ ಮಾಡ್ತಾರಾ? ಒಳಗಿರೋದಕ್ಕೆ ತಾನೆ ಮಾಡೋದು. ಒಂದು ವರ್ಷ ಇದಕ್ಕೇ ಒದ್ದಾಡಿದೀಯ. ಗಿಟಾರ್‌ಗೆಲ್ಲ ಹೂವಿಟ್ಟು ಇದನ್ನ ಹೊರಗಿಡೋದು ಚೆನ್ನಾಗಿರುತ್ತಾ?"

"ನೀರು ಬೇರೆ ಹಾಕಿದೀಯ!"

"ಪ್ರೋಕ್ಷಣೆ ಕಣೋ. ಹೂವಲ್ಲಿ ಅದ್ದಿ ಎರಡು ಹನಿ."

ಅಣ್ಣ ರೀಲಿನ ಕಡೆ ಕೈ ಚಾಚಿದ. ಅಮ್ಮ ಸೌಟನ್ನು ಅಡ್ಡ ಹಿಡಿದಳು. "ಏ, ಮುಟ್ಟಬೇಡ. ನಾಳೆ ಬೆಳಗ್ಗೆವರೆಗೂ ಮುಟ್ಟೋ ಹಾಗಿಲ್ಲ. ಗೊತ್ತಿಲ್ವಾ ನಿಂಗೆ?"

"ಎರಡು ಗಂಟೆಗೆ ನನ್ನ ಸ್ಲಾಟ್ ಇದೆ. ಅದೇನು ಗೊತ್ತಿಲ್ದೆ, ಕೇಳ್ದೆ... ಯೂ ಹ್ಯಾವ್ ಕಿಲ್ಡ್ ಇಟ್, ಅಮ್ಮ."

ಸಿಟ್ಟು ಬಂದಾಗ ನಾವಿಬ್ಬರೂ ಇಂಗ್ಲಿಷಿಗೆ ಹೊರಳುತ್ತಿದ್ದೆವು. ಅಮ್ಮನ ಸೌಟು ಕೆಳಗಿಳಿಯಿತು. ಅಣ್ಣ ಹಾಲಿಗೆ ಹೋಗಿ ಮಾಸ್ಟರಿಂಗ್ ಮಾಡುವವರಿಗೆ ಫೋನ್ ಮಾಡಿದ. ಅಕ್ಕಿ, ನೀರು ಎಂಬ ಎರಡು ಶಬ್ದಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಸಲ ಹೇಳಬೇಕಾಯಿತು. ಫೋನ್ ಇಟ್ಟ ಮೇಲೆ ಅವರು ಅಂದದ್ದನ್ನು ನನಗೆ ಹೇಳಿದ: ರೀಲನ್ನು ತಿರುಗಿಸಬಾರದು, ಓರೆ ಮಾಡಬಾರದು, ಒರೆಸಬಾರದು. ಕಾಳು ಟೇಪಿನ ಸುತ್ತುಗಳ ನಡುವೆ ಸಿಕ್ಕಿಕೊಂಡರೆ ಅಂಚು ಮಡಚಿಹೋಗುತ್ತದೆ. ಹೇಗಿದೆಯೋ ಹಾಗೇ, ಮಲಗಿಸಿದ ಹಾಗೇ ತೆಗೆದುಕೊಂಡು ಬನ್ನಿ. ಈಗ ಬಿಟ್ಟರೆ ಆರು ವಾರ ಬಿಡುವಿಲ್ಲ.

ಅಷ್ಟರಲ್ಲಿ ಬೆಲ್ ಆಯಿತು. ಹಾಡುಗಾರ್ತಿ ಬಂದಿದ್ದಳು, ನಮ್ಮ ಜೊತೆ ಹೊರಡಲು. ಬೇಸ್ ಮತ್ತು ಡ್ರಮ್ಸ್‌ನ ಹುಡುಗರಿಗೆ ಶನಿವಾರ ಅಂಗಡಿ ಕೆಲಸ, ಅವರು ಬರುವ ಹಾಗಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ರೀಲನ್ನು ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳ ಕೈ ತಾನಾಗಿ ಗಂಟಲಿಗೆ ಹೋಯಿತು. ಆಮೇಲೆ ನೋಟ್‌ಪ್ಯಾಡಿನಲ್ಲಿ ಏನೋ ಬರೆದು ಅಮ್ಮನಿಗೆ ತೋರಿಸಿದಳು. ಅಮ್ಮ ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿದ್ದಕ್ಕೆ ನಾನು ಓದಿ ಹೇಳಿದೆ: "ಹೂವು ತುಂಬ ಚೆನ್ನಾಗಿದೆ ಆಂಟಿ."

"ನೋಡು, ಇವಳಿಗೆ ಅರ್ಥ ಆಗುತ್ತೆ," ಎಂದಳು ಅಮ್ಮ ಅಣ್ಣನಿಗೆ. ಅವಳಿಗೆ, "ಸಿಟ್, ಸಿಟ್. ಈಟ್ ಫಸ್ಟ್."

ಅಪ್ಪ ಹೊರಗೆ ಕಾರಿಗೆ ಹೂವು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಪಕ್ಕದ ಮನೆಯವರಿಗೆ ಅದೇನೆಂದು ವಿವರಿಸಿ ಒಳಗೆ ಬಂದ. ವಿಷಯ ಕೇಳಿ ತಲೆ ಕೆರೆದುಕೊಂಡ.

"ಎತ್ತಿಕೊಟ್ಟುಬಿಡೇ."

"ರೀ, ನೀವೂ ಶುರು ಮಾಡಬೇಡಿ. ನಡುವೆ ಎತ್ತಿದರೆ ಅದು ಪೂಜೆ ಹೇಗಾಗುತ್ತೆ? ಅವನ ಕೆಲಸಕ್ಕೇ ಒಳ್ಳೇದಲ್ಲ."

"ನಮ್ಮ ಜಿಪಿ ಇಲ್ವಾ, ಮಂಡ್ಯದವರು? ಅವರೂ ಸ್ಟೆತಾಸ್ಕೋಪ್ ಪೂಜೆಗಿಡ್ತಾರೆ. ಯಾರಿಗೋ ಎದೆನೋವು ಬಂತು ಅನ್ನು. ನಾಳೆ ಬನ್ನಿ, ಸ್ಟೆತಾಸ್ಕೋಪ್ ಪೂಜೇಲಿ ಕೂತಿದೆ ಅಂತಾರಾ?"

"ಅದು ಜೀವದ ಪ್ರಶ್ನೆ. ಇದು ಹಾಡು. ಇನ್ನೊಂದು ಕಾಪಿ ಇದ್ದೇ ಇರುತ್ತೆ, ಅದನ್ನ ತಗೊಂಡು ಹೋಗಲಿ."

ಆಗ ಗೊತ್ತಾಯಿತು ನಮಗೆ. ಅಮ್ಮನ ಲೆಕ್ಕದಲ್ಲಿ ಟೇಪು ಅಂದರೆ ಮನೆಯಲ್ಲಿದ್ದ ಭಕ್ತಿಗೀತೆಯ ಕ್ಯಾಸೆಟ್ಟುಗಳ ಹಾಗೆ, ಹಾಳಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುವಂಥದ್ದು. ನಾವ್ಯಾರೂ ಅವಳಿಗೆ ಬೇರೆ ಹೇಳಿಯೂ ಇರಲಿಲ್ಲ. ನಾನು ಹಾಡುಗಾರ್ತಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ತಿಂಡಿಯ ತಟ್ಟೆಯನ್ನು ಕೆಳಗಿಟ್ಟು ನಿಧಾನವಾಗಿ ಬರೆದಳು. ನಾನು ಓದಿದೆ.

"ಕಾಪಿ ಇಲ್ಲ ಆಂಟಿ. ನನ್ನ ದನಿ ಇರೋದು ಇದರಲ್ಲಿ ಮಾತ್ರ."

ಅಮ್ಮ ಅವಳ ಗಂಟಲನ್ನೇ ನೋಡಿದಳು. ಮೂರು ವಾರದಿಂದ ದಿನ ಬಿಟ್ಟು ದಿನ ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಕಳಿಸುತ್ತಿದ್ದವಳು ಅಮ್ಮನೇ.

"ಅಯ್ಯೋ ದೇವರೇ," ಎಂದು ಸೌಟನ್ನು ಅಪ್ಪನ ಕೈಗೆ ಕೊಟ್ಟಳು. "ಇದನ್ನ ಮೊದಲೇ ಬೊಗಳೋದಕ್ಕೆ ಏನಾಗಿತ್ತೋ ನಿಂಗೆ?" ಇದು ಅಣ್ಣನಿಗೆ.

ಕೈಕಾಲು ತೊಳೆದು ಬಂದು ಕೂತಳು. ವಿಸರ್ಜನೆಯೆಂದರೆ ಪೂಜೆಗಿಟ್ಟದ್ದನ್ನು ಉತ್ತರ ದಿಕ್ಕಿಗೆ ಸ್ವಲ್ಪ ಸರಿಸುವುದು. ನಮ್ಮ ಮನೆಯಲ್ಲಿ ಉತ್ತರವೆಂದರೆ ರೇಡಿಯೇಟರ್ ಇದ್ದ ಗೋಡೆ. ಬೇರೆಲ್ಲವನ್ನೂ ಹಾಗೇ ಬಿಟ್ಟು, ಬೆಳ್ಳಿ ತಟ್ಟೆಯೊಂದನ್ನೇ ರೇಡಿಯೇಟರಿನ ಕಡೆ ಒಂದು ಬೆರಳಿನಷ್ಟು ಸರಿಸಿ, ತುಟಿಯಲ್ಲೇ ಏನೋ ಕೇಳಿಕೊಂಡಳು. ಆಮೇಲೆ ಅಣ್ಣ ಎತ್ತಿಕೊಳ್ಳಲು ಹೋಗಿ, ತಟ್ಟೆಯನ್ನು ಎಲ್ಲಿ ಹಿಡಿಯಬೇಕೆಂದು ತೋಚದೆ ಎರಡು ಸಲ ಕೈ ಬದಲಿಸಿದ.

"ಬಿಡು, ನಾನೇ ಹಿಡ್ಕೋತೀನಿ," ಎಂದಳು ಅಮ್ಮ. "ಆರತಿ ತಟ್ಟೆ ಹಿಡಿದು ನಡೆದೋಳು ನಾನು. ನೀನು ಬಾಗಿಲು ತೆಗಿ."

ಕಾರಿನ ಚಕ್ರದಡಿಯ ನಿಂಬೆಹಣ್ಣನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ಅಮ್ಮನ ಬಳಿ ಇನ್ನೊಂದು ವಿನಾಯಿತಿ ಕೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಹಾಗಾಗಿ ಅಪ್ಪನನ್ನು ಮನೆಯಲ್ಲಿ ಬಿಟ್ಟು ಟ್ಯೂಬ್ ರೈಲು. ಕೆಂಟನ್ ಸ್ಟೇಷನ್ನಿನಿಂದ ವಾಟರ್ಲೂವರೆಗೆ ಬದಲಾಯಿಸದೆ ಒಂದೇ ರೈಲು. ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ಅಮ್ಮ, ತೊಡೆಯ ಮೇಲೆ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಹೂವಿಟ್ಟ ರೀಲು. ಆಚೆ ಪಕ್ಕ ಹಾಡುಗಾರ್ತಿ, ಈಚೆ ಪಕ್ಕ ಅಣ್ಣ. ಬೋಗಿ ತಿರುವಿನಲ್ಲಿ ವಾಲಿದಾಗಲೆಲ್ಲ ಅಮ್ಮ ತಟ್ಟೆಯನ್ನು ಮೊಣಕಾಲಿನಿಂದ ಎರಡಿಂಚು ಮೇಲೆತ್ತಿ ಗಾಳಿಯಲ್ಲಿ ಹಿಡಿಯುತ್ತಿದ್ದಳು. ಅವಳ ಮೈ ವಾಲಿದರೂ ತಟ್ಟೆ ವಾಲುತ್ತಿರಲಿಲ್ಲ. ಎದುರು ಕೂತ ಮುದುಕಿಯೊಬ್ಬಳು ಇದೇನೆಂದು ಕೇಳಿದಳು. "ಮ್ಯೂಸಿಕ್," ಎಂದಳು ಅಮ್ಮ. ಮುದುಕಿ ಬಹಳ ಅರ್ಥವಾದವಳಂತೆ ತಲೆಯಾಡಿಸಿದಳು.

ಅಣ್ಣ ದಾರಿಯುದ್ದಕ್ಕೂ ರೀಲಿನೊಳಗಿನ ಕಾಳುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮಾಸ್ಟರಿಂಗ್ ಕೋಣೆ ಒಂದು ರೈಲ್ವೆ ಕಮಾನಿನ ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಹಳೆಯ ಕಾರ್ಡಿಗನ್ ತೊಟ್ಟ ಎಂಜಿನಿಯರು ಬಾಗಿಲು ತೆಗೆದು, ಮೊದಲು ತಟ್ಟೆಯನ್ನು, ಆಮೇಲೆ ಅಮ್ಮನನ್ನು ನೋಡಿದ.

"ಟೇಪಿನ ಮೇಲೆ ಬಿಯರ್ ಚೆಲ್ಲಿಕೊಂಡು ಬಂದವರಿದ್ದಾರೆ. ಅಕ್ಕಿ ಇದೇ ಮೊದಲು," ಎಂದ. "ಇದು ಊಟಕ್ಕೋ?"

ನಾನು ಅಮ್ಮನಿಗೆ ಹೇಳಿದೆ. "ಆಶೀರ್ವಾದ ಅಂತ ಹೇಳು," ಎಂದಳು. ಹೇಳಿದೆ.

"ಬಹಳ ಸಂತೋಷ," ಎಂದು ಅವನು ಚಿಮಟ ತೆಗೆದುಕೊಂಡ.

ಮೇಜಿನ ದೀಪದಡಿ ಒಂದೊಂದೇ ಕಾಳನ್ನು ಎತ್ತಿ ಸಾಸರಿಗೆ ಹಾಕಿದ. ನಾನು ಎಣಿಸುತ್ತಿದ್ದೆ, ಅದೊಂದು ನನ್ನ ಚಟ. ಹತ್ತೊಂಬತ್ತು. ಆಮೇಲೆ ಮೆತ್ತನೆಯ ಕುಂಚದಿಂದ ಕುಂಕುಮದ ಪುಡಿ ಗುಡಿಸಿದ, ಹತ್ತಿಯಿಂದ ಅಂಚಿನ ತೇವ ಹೀರಿಸಿದ. ನೀರು ಒಳಗೆ ಎಷ್ಟು ಸುತ್ತಿನವರೆಗೆ ಇಳಿದಿದೆಯೋ ನುಡಿಸದೆ ತಿಳಿಯದು ಎಂದ.

ಅಣ್ಣ ಒಂದೇ ಪ್ರಶ್ನೆ ಕೇಳಿದ. "ಟೇಪಿನ ಹೊರಗಿನ ತುದಿ ಯಾವುದು?"

ಪ್ರಶ್ನೆ ಯಾಕೆಂದು ನಮಗೆ ಗೊತ್ತಿತ್ತು. ಇಂಥ ಟೇಪುಗಳನ್ನು ನುಡಿಸಿ ಮುಗಿಸಿದ ಮೇಲೆ ಹಿಂದಕ್ಕೆ ಸುತ್ತದೆ ಹಾಗೇ ಎತ್ತಿಡುವುದು ಸ್ಟುಡಿಯೋಗಳ ಪದ್ಧತಿ. ಅಂದರೆ ಮೊದಲ ಹಾಡು ಒಳಗೆ ಬೆಚ್ಚಗಿರುತ್ತದೆ, ಹೊರಗಿನ ಸುತ್ತುಗಳಲ್ಲಿ ಕೊನೆಯ ಹಾಡು. ನೀರು ಬಿದ್ದದ್ದು ಹೊರಗಿನ ಸುತ್ತುಗಳಿಗೆ. ನನ್ನ ಡೈರಿಯಲ್ಲಿ ಒಂದೇ ಗೆರೆ ಇದ್ದ ಹಾಡು.

"ಕೊನೆ ಹೊರಗಿದೆ," ಎಂದ ಎಂಜಿನಿಯರು. "ತುದಿಯಲ್ಲಿ ದನಿಯಿಲ್ಲದ ಬಿಳಿ ಟೇಪು ಸ್ವಲ್ಪ ಅಂಟಿಸಿದ್ದಾರೆ. ಅದು ಎಷ್ಟು ಕಾಪಾಡಿದೆಯೋ ನೋಡೋಣ."

ಕೈಯಿಂದಲೇ ಮೆಲ್ಲಗೆ ಹಿಂದಕ್ಕೆ ಸುತ್ತಲು ಶುರುಮಾಡಿದ. ಬಿಳಿ ತುದಿಗೆ ಅರಿಶಿನ ಹತ್ತಿತ್ತು. ತೇವದ ಸುತ್ತುಗಳು ಅವನ ಹತ್ತಿಯ ನಡುವೆ ಹಾದುಹೋದವು. ಒಣ ಭಾಗ ಬಂದ ಮೇಲೆ ಮೆಷಿನ್ನಿಗೆ ಬಿಟ್ಟ. ಬಟನ್ನು ಒತ್ತುವ ಮೊದಲು ಇನ್ನೊಂದು ಮೆಷಿನ್ನನ್ನೂ ಚಾಲೂ ಮಾಡಿದ, ಬರುವಷ್ಟು ಬಂದದ್ದು ಮೊದಲು ಕಾಪಿಯಾಗಲಿ ಎಂದು.

ಮೊದಲ ಹಾಡು ಬಂತು. ಅವಳ ದನಿ, ಪೂರ್ತಿಯಾಗಿ, ಕೋಣೆಯ ತುಂಬ. ಹಾಡುಗಾರ್ತಿ ಕಣ್ಣು ಮುಚ್ಚಿಕೊಂಡಳು. ಒಂಬತ್ತು ಹಾಡುಗಳೂ ಚೆನ್ನಾಗಿಯೇ ಇರುತ್ತವೆಂದು ಎಲ್ಲರಿಗೂ ಗೊತ್ತು, ಆದರೆ ಅವನ್ನು ದಾಟದೆ ಹತ್ತನೆಯದಕ್ಕೆ ಹೋಗುವಂತಿಲ್ಲ. ಎಂಜಿನಿಯರು ಒಂದೇ ಸಲ ನುಡಿಸುತ್ತೇನೆ, ನಡುವೆ ನಿಲ್ಲಿಸುವುದಿಲ್ಲ ಎಂದಿದ್ದ. ಅಮ್ಮ ಆ ಹಾಡುಗಳನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಅವು ಮಹಡಿಯ ಮೇಲಿನ ಗದ್ದಲವಾಗಿದ್ದವು, ಅಷ್ಟೇ. ಬಸ್‌ಸ್ಟಾಪಿನಲ್ಲಿ ಕಾಯುವ ಹಾಡು ಬಂದಾಗ, "ಇದು ನಮ್ಮ ಕೆಂಟನ್ ರೋಡಿನ ಸ್ಟಾಪಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಹೌದೆಂದೆ. "ಅದಕ್ಕೇ. ಬಸ್ಸು ಬರೋದೇ ಇಲ್ಲ ಹಾಡಲ್ಲಿ."

ಒಂಬತ್ತನೆಯದು ಮುಗಿಯಿತು. ನಡುವೆ ಕೆಲವು ಕ್ಷಣ ಮೌನ. ಅಣ್ಣ ಎದ್ದು ನಿಂತ.

ಗಿಟಾರು ಶುರುವಾಯಿತು. ಅವಳು ಹಾಡತೊಡಗಿದಳು. ನಾನು ಆ ದಿನ ಸ್ಟುಡಿಯೋದ ಮೂಲೆಯಲ್ಲಿ ಕೂತು ಕೇಳಿದ್ದು ಇದೇ, ಆದರೆ ಆಗ ಹೀಗೆ ಉಸಿರು ಹಿಡಿದಿರಲಿಲ್ಲ. ಮೊದಲ ಚರಣ ಹೋಯಿತು, ಎರಡನೆಯದು ಹೋಯಿತು. ಕೊನೆಯಲ್ಲಿ ಅವಳು ಒಂದು ಸ್ವರವನ್ನು ಎಳೆದು ನಿಲ್ಲಿಸುತ್ತಾಳೆ, ಅದು ಸಣ್ಣದಾಗುತ್ತ ಆಗುತ್ತ ಉಸಿರಾಗಿಬಿಡುತ್ತದೆ. ಅದು ಬಂತು, ನಿಂತಿತು, ಸಣ್ಣದಾಯಿತು, ಉಸಿರಾಯಿತು. ಉಸಿರಿನ ತುದಿಯವರೆಗೂ ಒಂದು ಗೀರಿಲ್ಲ.

ಅವಳು ನಿಲ್ಲಿಸಿದ ಮೇಲೆ ಗಿಟಾರು ಒಂದಿಷ್ಟು ಹೊತ್ತು ಒಂಟಿಯಾಗಿ ನುಡಿಯುತ್ತದೆ. ಅಲ್ಲಿ ಗಿಟಾರಿನ ಸದ್ದು ಇದ್ದಕ್ಕಿದ್ದಂತೆ ಮಂಕಾಯಿತು, ಕಂಬಳಿ ಹೊದೆಸಿದ ಹಾಗೆ. ಒಮ್ಮೆ, ಇನ್ನೊಮ್ಮೆ. ಆಮೇಲೆ ಬಿಳಿ ಟೇಪು ಹಾದು ತುದಿ ಪಟಪಟ ಬಡಿಯಿತು.

"ಅಷ್ಟೇ," ಎಂದ ಎಂಜಿನಿಯರು. "ನೀರು ಗಿಟಾರಿನವರೆಗೆ ಬಂದು ನಿಂತಿದೆ. ಅಲ್ಲಿ ಸದ್ದನ್ನು ಸ್ವಲ್ಪ ಬೇಗ ಇಳಿಸಿ ಮುಗಿಸುತ್ತೇನೆ, ಯಾರಿಗೂ ತಿಳಿಯುವುದಿಲ್ಲ. ಗಿಟಾರು ನುಡಿಸಿದವರು ಯಾರು? ಬೇಜಾರಿಲ್ಲ ತಾನೆ?"

ಅಣ್ಣ ಕೈ ಎತ್ತಿ, ಇಲ್ಲವೆಂದು ತಲೆಯಾಡಿಸಿದ. ಹಾಡುಗಾರ್ತಿ ನೋಟ್‌ಪ್ಯಾಡನ್ನು ಹುಡುಕಲಿಲ್ಲ. ಎದ್ದು ಹೋಗಿ ಅಮ್ಮನ ಭುಜದ ಮೇಲೆ ತಲೆಯಿಟ್ಟು ಸದ್ದಿಲ್ಲದೆ ನಗತೊಡಗಿದಳು. ನಗುವೋ ಅಳುವೋ ಮೊದಲು ನನಗೆ ಗೊತ್ತಾಗಲಿಲ್ಲ, ಹೆಗಲು ಕುಣಿಯುವುದನ್ನು ನೋಡಿ ನಗುವೆಂದು ತಿಳಿಯಿತು.

"ಸದ್ಯ," ಎಂದಳು ಅಮ್ಮ. "ಸದ್ಯ, ಸದ್ಯ."

ಮುಂದಿನ ಕೆಲಸಕ್ಕೆ ಇನ್ನೂ ನಾಲ್ಕು ಗಂಟೆ ಹಿಡಿಯುತ್ತಿತ್ತು. ನಾನು ಕೂತಿರುತ್ತೇನೆ ಎಂದು ಹಾಡುಗಾರ್ತಿ ಬರೆದು ತೋರಿಸಿದಳು. ಅಣ್ಣನ ಮುಖ ನೋಡಿ ಎಂಜಿನಿಯರೇ ಹೇಳಿದ, ನೀನು ಹೋಗಿ ಮಲಗು, ನಿನ್ನ ಕಿವಿ ಇವತ್ತು ಉಪಯೋಗಕ್ಕಿಲ್ಲ. ಅವಳ ದನಿ ಆ ಚಳಿಗಾಲದ ಕೊನೆಗೆ ಮರಳಿತು. ಅದು ಬೇರೆ ದನಿ, ಸ್ವಲ್ಪ ಕೆಳಗಿನದು, ಈಗ ನನಗೆ ಅದೂ ಇಷ್ಟವೇ. ಆದರೆ ಆ ಹತ್ತು ಹಾಡುಗಳಲ್ಲಿರುವುದು ಮೊದಲಿನದು. ಡಿಸ್ಕ್ ವಸಂತದಲ್ಲಿ ಬಂತು. ಕೊನೆಯ ಹಾಡು ಥಟ್ಟನೆ ಮುಗಿಯುವುದೇ ಅದರ ಚೆಲುವು ಎಂದು ಒಂದು ಸಣ್ಣ ಪತ್ರಿಕೆಯಲ್ಲಿ ಯಾರೋ ಬರೆದರು. ಅಣ್ಣ ಅದನ್ನು ಓದಿ ಅಮ್ಮನ ಮುಂದೆ ಹಿಡಿದು, "ನಿನ್ನ ಪ್ರೋಕ್ಷಣೆ ಬಗ್ಗೆ ಬರೆದಿದಾರೆ ನೋಡು," ಎಂದ.

ಆದರೆ ಅದು ಆಮೇಲಿನ ಮಾತು. ಆ ಶನಿವಾರ ಮಧ್ಯಾಹ್ನ ನಾವು ಮೂವರು ವಾಟರ್ಲೂನಲ್ಲಿ ರೈಲು ಹತ್ತಿದೆವು. ಕೂತ ಎರಡನೇ ಸ್ಟೇಷನ್ನಿಗೇ ಅಣ್ಣನ ತಲೆ ಅಮ್ಮನ ಹೆಗಲಿಗೆ ವಾಲಿತು. ಬಾಯಿ ತೆರೆದುಕೊಂಡು ಮಲಗಿದ್ದ, ವರ್ಷದಿಂದ ನಿದ್ದೆ ಮಾಡದವನಂತೆ. ಖಾಲಿ ಬೆಳ್ಳಿ ತಟ್ಟೆಯನ್ನು ಅಮ್ಮ ಕೈಚೀಲಕ್ಕೆ ತುರುಕಿದ್ದಳು. ಬಿಡುವಾದ ಕೈಯಿಂದ ಅವನ ಹಣೆಯ ಮೇಲಿನ ಕೂದಲನ್ನು ಹಿಂದೆ ಸರಿಸಿದಳು.

ಕೆಂಟನ್ ಬಂತು. ಬಾಗಿಲು ತೆರೆಯಿತು. ನಾನು ಎದ್ದು ಅಣ್ಣನನ್ನು ಅಲುಗಿಸಲು ಹೋದೆ.

"ಇರು, ಇರು," ಎಂದಳು ಅಮ್ಮ ಪಿಸುದನಿಯಲ್ಲಿ. "ಎಬ್ಬಿಸಬೇಡ."

"ನಮ್ಮ ಸ್ಟೇಷನ್ ಅಮ್ಮ."

"ಗೊತ್ತು ಕಣೇ. ಮುಂದಿನದು ಕೊನೇದು ತಾನೆ? ಅಲ್ಲಿಂದ ಇದೇ ರೈಲು ವಾಪಸು ಬರುತ್ತೆ. ಕೂತ್ಕೋ."

ಕೂತೆ. ಬಾಗಿಲು ಮುಚ್ಚಿತು. ಕಿಟಕಿಯಲ್ಲಿ ನಮ್ಮ ಸ್ಟೇಷನ್ ಮೆಲ್ಲಗೆ ಹಿಂದೆ ಸರಿಯಿತು.